ಸೋತ ಚುನಾವಣೆಯಿಂದ ಮೀಸಲು ಸ್ಥಾನದವರೆಗೆ: ಕಮಲಾದೇವಿ ಚಟ್ಟೋಪಾಧ್ಯಾಯರ ರಾಜಕಾರಣ

(ಡೊಂಬಿವಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ತಾಯಿಯ ನೆನಪಿಗಾಗಿ ಈ ದತ್ತಿಯನ್ನಿಟ್ಟ ಕುಟುಂಬದವರು ನನ್ನಲ್ಲಿ ಕೇಳಿಕೊಂಡದ್ದು ಒಂದೇ ಮಾತು. ಸಾರ್ವಜನಿಕ ಬದುಕಿನಲ್ಲಿ ದುಡಿದ ಒಬ್ಬ ಹೆಣ್ಣುಮಗಳ ಬಗ್ಗೆ ಮಾತಾಡಿ, ನಮ್ಮ ಹೆಣ್ಣುಮಕ್ಕಳು, ಸೊಸೆಯಂದಿರು ಮನೆಗೆ ಏನಾದರೂ ಕಟ್ಟಿಕೊಂಡು ಹೋಗುವಂತಿರಲಿ ಎಂದರು. ನಾನು ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಆರಿಸಿಕೊಂಡೆ. ಹೆಸರು ಬಂಗಾಳದ್ದು, ಹೆಣ್ಣು ಮಂಗಳೂರಿನವರು. ಕೈಮಗ್ಗ, ಕರಕುಶಲ ಎಂದ ಕೂಡಲೇ ಅವರ ಹೆಸರು ನೆನಪಾಗುತ್ತದೆ. ದಪ್ಪ ಅಂಚಿನ ಸೀರೆಯುಟ್ಟು, ದೊಡ್ಡ ಕುಂಕುಮವಿಟ್ಟು ನಿಂತ ಅವರ ಫೋಟೋ ಹಲವರು ನೋಡಿರುತ್ತೀರಿ. ಆದರೆ ಅವರು ಮೊದಲು ರಾಜಕಾರಣಿ. ಓಟು ಕೇಳಿಕೊಂಡು ಮಂಗಳೂರಿನ ಬೀದಿಗಿಳಿದವರು, ಪಕ್ಷ ನಡೆಸಿದವರು, ಮತ್ತೆ ಮತ್ತೆ ಜೈಲಿಗೆ ಹೋದವರು. ಆ ಕಮಲಾದೇವಿಯನ್ನು ನಾವು ಮರೆತಿದ್ದೇವೆ. ಇವತ್ತು ನಾನು ಮಾತಾಡುವುದು ಅವರ ಬಗ್ಗೆಯೇ.

ಈ ಊರಿನಲ್ಲಿ ನಿಂತು ಅವರ ಬಗ್ಗೆ ಹೇಳುವುದಕ್ಕೆ ನನಗೊಂದು ಕಾರಣವಿದೆ. ಮೂವತ್ತು ವರ್ಷ ನೌಕರಿಗಾಗಿ ಡೊಂಬಿವಲಿಯಿಂದ ಮುಂಬಯಿಗೆ ಓಡಾಡಿದವಳು ನಾನು. ಮುಲುಂಡ್ ದಾಟಿದ ಮೇಲೆ ನಮ್ಮ ಹಳಿಗಳ ಪೂರ್ವಕ್ಕೆ, ಖಾಡಿಯ ದಿಕ್ಕಿಗೆ, ಉಪ್ಪಿನ ಆಗರಗಳ ಬಯಲಿದೆ. ಲೇಡೀಸ್ ಡಬ್ಬಿಯಲ್ಲಿ ನಾಲ್ಕನೇ ಸೀಟಿನ ತುದಿಗೆ ಕೂತು, ಕಾಳುಮೆಣಸಿನ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಯೋಚಿಸುತ್ತ ಆ ದಾರಿಯಲ್ಲಿ ಸಾವಿರಾರು ಸಲ ಹೋಗಿದ್ದೇನೆ. ಅದೇ ಉಪ್ಪನ್ನು ಚಿಕ್ಕ ಪೊಟ್ಟಣ ಕಟ್ಟಿ, ಅದೇ ಮುಂಬಯಿಯಲ್ಲಿ, ಸರಕಾರಕ್ಕೆ ಎದುರಾಗಿ ಮಾರಿದವರು ನಮ್ಮ ಕರಾವಳಿಯ ಹೆಣ್ಣು ಎಂದು ತಿಳಿದದ್ದು ನಾನು ನಿವೃತ್ತಳಾದ ಮೇಲೆ. ನಿಮಗೆ ಅಷ್ಟು ತಡವಾಗಬಾರದು ಎಂಬ ಆಸೆಯಿಂದ ಬಂದಿದ್ದೇನೆ.

ಉಯಿಲಿಲ್ಲದ ಸಾವು

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಚಿತ್ರಾಪುರ ಸಾರಸ್ವತ ಮನೆತನ. ತಂದೆ ಅನಂತಯ್ಯ ಧಾರೇಶ್ವರ ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ಗಟ್ಟಿ ಮನಸ್ಸಿನವರು. ಮಗುವಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಸಂಬಂಧದ ಗಂಡುಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ. ಗಿರಿಜಾಬಾಯಿ ಅದನ್ನು ಬೇಡವೆಂದರು. ತವರಿನಿಂದ ಬಂದದ್ದರಲ್ಲೇ ಮಕ್ಕಳನ್ನು ಸಾಕಿದರು.

ಇಲ್ಲಿ ನೀವು ಒಂದು ಸಂಗತಿ ಗಮನಿಸಬೇಕು. ಈ ಸಭೆಯಲ್ಲಿ ದಕ್ಷಿಣ ಕನ್ನಡ, ಉಡುಪಿಯ ಮನೆಗಳವರು ಬಹಳ ಮಂದಿ ಇದ್ದೀರಿ. ಬಂಟರ, ಬಿಲ್ಲವರ, ಮೊಗವೀರರ ಮನೆಗಳಲ್ಲಿ ಅಳಿಯಸಂತಾನ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಅಲ್ಲಿ ಕುಟುಂಬ ಹೆಣ್ಣಿನ ಕವಲಿನಲ್ಲಿ ಮುಂದುವರಿಯುತ್ತದೆ, ಆಸ್ತಿಯ ಹಕ್ಕೂ ಅದೇ ಕವಲಿನದು. ಗಿರಿಜಾಬಾಯಿಯವರು ಗಂಡನ ಮನೆ ಬಿಟ್ಟು ಹೊರಟ ಅದೇ ಮಂಗಳೂರಿನಲ್ಲಿ, ಒಂದೆರಡು ಬೀದಿ ಆಚೆ, ಹೆಂಗಸು ಮನೆಯ ಬೇರಾಗಿ ನಿಂತ ಕುಟುಂಬಗಳಿದ್ದವು. ಯಜಮಾನಿಕೆ ಮಾವಂದಿರ ಕೈಯಲ್ಲೇ ಇರುತ್ತಿತ್ತು, ನಿಜ. ಆದರೂ ಗಂಡ ಸತ್ತನೆಂದು ಅಲ್ಲಿ ಹೆಂಗಸು ಮನೆಯಿಲ್ಲದವಳಾಗುತ್ತಿರಲಿಲ್ಲ. ಒಂದೇ ಊರು, ಒಂದೇ ಮಳೆ, ಎರಡು ಕಾನೂನು. ಹೆಣ್ಣಿನ ಹಣೆಬರಹ ಎಂದು ನಾವು ಕರೆಯುವುದು ಬ್ರಹ್ಮ ಬರೆದದ್ದಲ್ಲ, ಕಾನೂನು ಬರೆದದ್ದು ಎಂಬುದಕ್ಕೆ ಮಂಗಳೂರಿಗಿಂತ ಒಳ್ಳೆಯ ಪಾಠಶಾಲೆ ಇರಲಿಲ್ಲ.

ಹದಿನಾಲ್ಕಕ್ಕೆ ಕಮಲಾದೇವಿಯ ಮದುವೆಯಾಯಿತು. ಎರಡೇ ವರ್ಷದಲ್ಲಿ ಗಂಡ ತೀರಿಹೋದ. ಮಡಿಯ ಸಮಾಜದ ಬಾಲವಿಧವೆಯ ಮುಂದೆ ಆಗ ಇದ್ದದ್ದು ಮನೆಯ ಹಿಂಬದಿಯ ಕೋಣೆ. ಗಿರಿಜಾಬಾಯಿ ಮಗಳನ್ನು ಆ ಕೋಣೆಗೆ ಬಿಡಲಿಲ್ಲ, ಶಾಲೆಗೆ ಕಳಿಸಿದರು. ಮುಂದೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದಾಗ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಪರಿಚಯವಾಯಿತು, ಅವರ ಮೂಲಕ ಕವಿ, ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ. ವಿಧವೆ, ಅದರಲ್ಲೂ ಬೇರೆ ಭಾಷೆಯ, ಬೇರೆ ಪಂಗಡದವರೊಂದಿಗೆ ಮರುಮದುವೆ. ಊರಿಗೆ ಊರೇ ಆಡಿಕೊಂಡಿತು. ಆ ದಾಂಪತ್ಯ ಮುಂದೆ ಮುರಿದು ವಿಚ್ಛೇದನವಾಯಿತು. ಅವರು ಅದನ್ನೂ ಮುಚ್ಚಿಡಲಿಲ್ಲ. ಮದುವೆಯ ಹೊಸತರಲ್ಲಿ ಗಂಡನಿದ್ದ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯ ಚಳವಳಿಯ ಕರೆ ಅಲ್ಲಿಗೂ ತಲುಪಿತು. ಮರಳಿ ಬಂದು ಸೇವಾದಳ ಸೇರಿದರು.

ಮಂಗಳೂರಿನ ಬೀದಿಗಳಲ್ಲಿ, 1926

ಆ ಕಾಲಕ್ಕೆ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿತ್ತು, ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿ. 1919ರ ಕಾಯಿದೆ ಹೆಣ್ಣಿಗೆ ಮತದಾನದ ಹಕ್ಕು ಕೊಡಬೇಕೇ ಬೇಡವೇ ಎಂಬುದನ್ನು ಪ್ರಾಂತಗಳಿಗೇ ಬಿಟ್ಟಿತ್ತು. 1921ರಲ್ಲಿ ಮದರಾಸು ಮೊದಲು ಕೊಟ್ಟಿತು. ಆ ಮತವೂ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. ಹೆಣ್ಣಿಗೆ ಆಸ್ತಿ ಎಲ್ಲಿತ್ತು? ಹಾಗಾಗಿ ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರು ಬಹಳ ಕಡಿಮೆ. ಚುನಾವಣೆಗೆ ನಿಲ್ಲುವ ಹಕ್ಕು ಸಿಕ್ಕಿದ್ದು 1926ರಲ್ಲಿ.

ಐರ್ಲೆಂಡಿನಿಂದ ಬಂದು ಮದರಾಸಿನಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್ ಎಂಬ ಹೋರಾಟಗಾರ್ತಿ ಕಮಲಾದೇವಿಯನ್ನು ಕರೆದು, ನೀವು ನಿಲ್ಲಬೇಕು ಎಂದರು. ವಯಸ್ಸು ಇಪ್ಪತ್ತಮೂರು. ಹಿಂದೆ ಪಕ್ಷವಿಲ್ಲ, ಹಣವಿಲ್ಲ, ಪ್ರಚಾರಕ್ಕೆ ಕೆಲವೇ ದಿನಗಳ ಸಮಯ. ಹೆಣ್ಣುಮಗಳು ಓಟು ಕೇಳುತ್ತ ಮನೆಮನೆಗೆ ಹೋಗುವುದನ್ನು ಮಂಗಳೂರು ಅದುವರೆಗೆ ಕಂಡಿರಲಿಲ್ಲ. ಮದರಾಸು ವಿಧಾನ ಪರಿಷತ್ತಿನ ಆ ಚುನಾವಣೆಯಲ್ಲಿ ಅವರು ತೀರ ಸಣ್ಣ ಅಂತರದಿಂದ ಸೋತರು. ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಅವರ ಹೆಸರು ಉಳಿಯಿತು.

ಆ ಸಲ ಮದರಾಸು ಪರಿಷತ್ತಿನೊಳಗೆ ಹೋಗಿ ಕೂತದ್ದು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಸರಕಾರದ ನಾಮಕರಣದಿಂದ ಹೋಗಿ ಉಪಾಧ್ಯಕ್ಷರಾದರು, ದೇವದಾಸಿ ಪದ್ಧತಿಯ ವಿರುದ್ಧ ದೊಡ್ಡ ಕೆಲಸ ಮಾಡಿದರು. ಆ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಕರೆದು ಕೂರಿಸಿದ ಕುರ್ಚಿ ಬೇರೆ, ಜನರ ಮುಂದೆ ಕೈಮುಗಿದು ಕೇಳಿದ ಕುರ್ಚಿ ಬೇರೆ. ಕೇಳುವುದಕ್ಕೂ ಹೆಣ್ಣಿಗೆ ಹಕ್ಕಿದೆ ಎಂದು ಮೊದಲು ತೋರಿಸಿದ್ದು ಸೋತವರು.

ಸೋತ ಮರುವರ್ಷವೇ, 1927ರಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಹುಟ್ಟಿತು. ಅದರ ಮೊದಲ ಸಂಘಟನಾ ಕಾರ್ಯದರ್ಶಿ ಕಮಲಾದೇವಿ. ಊರೂರು ತಿರುಗಿ ಶಾಖೆ ಕಟ್ಟಿದರು. ಹೆಣ್ಣುಮಕ್ಕಳ ಶಿಕ್ಷಣ, ಬಾಲ್ಯವಿವಾಹದ ತಡೆ ಅವರ ಮುಖ್ಯ ಕೆಲಸಗಳು. 1929ರಲ್ಲಿ ಶಾರದಾ ಕಾಯಿದೆ ಬಂತು. ಹುಡುಗಿಯರ ಮದುವೆಗೆ ಅದು ನಿಗದಿ ಮಾಡಿದ ಕನಿಷ್ಠ ವಯಸ್ಸು ಹದಿನಾಲ್ಕು. ಕಮಲಾದೇವಿಗೆ ತಾಳಿ ಬಿದ್ದದ್ದೂ ಹದಿನಾಲ್ಕರಲ್ಲೇ. ಅಷ್ಟೆಲ್ಲ ಹೋರಾಡಿ ಗೆದ್ದ ಕಾನೂನಿಗೂ ಅವರಂಥ ಹುಡುಗಿಯನ್ನು ಉಳಿಸಲು ಆಗುತ್ತಿರಲಿಲ್ಲ. ಹೆಣ್ಣಿನ ಪರವಾದ ಪ್ರತಿ ಕಾನೂನೂ ಹೀಗೆ ಗೇಣುಗೇಣಾಗಿಯೇ ಬಂದಿದೆ.

ಉಪ್ಪಿನ ಪೊಟ್ಟಣ

1930ರ ಮಾರ್ಚ್‌ನಲ್ಲಿ ಗಾಂಧೀಜಿ ಸಾಬರಮತಿಯಿಂದ ದಾಂಡಿಗೆ ಹೊರಟಾಗ ಜೊತೆಗೆ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರಿಗೆ ಖಾದಿಯ ಕೆಲಸ, ಹೆಂಡದಂಗಡಿಯ ಪಿಕೆಟಿಂಗ್ ಸಾಕು ಎಂಬುದು ಅವರ ಆಗಿನ ಯೋಚನೆ. ಕಮಲಾದೇವಿಗೆ ಇದು ಒಪ್ಪಿಗೆಯಾಗಲಿಲ್ಲ. ಉಪ್ಪು ಯಾರ ವಸ್ತು? ಅಡುಗೆಮನೆಯ ವಸ್ತು. ಉಪ್ಪಿನ ಮೇಲಿನ ಕರ ಎಂದರೆ ಒಲೆಯ ಮುಂದೆ ಕೂತವಳ ಮೇಲಿನ ಕರ. ಅವಳನ್ನೇ ಹೊರಗಿಟ್ಟು ಉಪ್ಪಿನ ಸತ್ಯಾಗ್ರಹ ಮಾಡುವುದು ಹೇಗೆ? ನಡಿಗೆಯ ನಡುವೆಯೇ ಗಾಂಧೀಜಿಯನ್ನು ಕಂಡು ವಾದಿಸಿದರು. ಗಾಂಧೀಜಿ ಒಪ್ಪಿದರು. ಆಮೇಲೆ ನಡೆದದ್ದು ಹೆಂಗಸರ ಪ್ರವಾಹ. ದೇಶದ ಜೈಲುಗಳಲ್ಲಿ ಹೆಂಗಸರಿಗೆ ಜಾಗ ಸಾಲದಾಯಿತು.

ಮುಂಬಯಿಯ ಚೌಪಾಟಿಯಲ್ಲಿ ಕಾನೂನು ಮುರಿಯುವ ಮೊದಲ ತಂಡದಲ್ಲಿ ಇದ್ದ ಹೆಂಗಸರು ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆ. ಅವಂತಿಕಾಬಾಯಿ ಚಂಪಾರಣದಲ್ಲಿ ಗಾಂಧೀಜಿಯೊಂದಿಗೆ ದುಡಿದು ಬಂದವರು, ಗಿರಗಾಂವ್‌ನಲ್ಲಿ ಹಿಂದ್ ಮಹಿಳಾ ಸಮಾಜ ಕಟ್ಟಿದವರು. ಕನ್ನಡ ನಾಡಿನ ಕಮಲಾದೇವಿ, ಮರಾಠಿಯ ಅವಂತಿಕಾಬಾಯಿ ಒಂದೇ ಮರಳಿನ ಮೇಲೆ ಒಲೆ ಹೂಡಿ ಸಮುದ್ರದ ನೀರು ಕಾಯಿಸಿದರು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದಕ್ಕಿಂತ ಹತ್ತಿರದ ಚಿತ್ರ ಇನ್ನೊಂದಿಲ್ಲ.

ಕಾಯಿಸಿದ ನೀರು ಆರಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಉಪ್ಪು ಎಷ್ಟು? ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಲೀಟರು ಸಮುದ್ರದ ನೀರಿಗೆ ಎರಡು ಹಿಡಿಯೂ ಸಿಗುವುದಿಲ್ಲ, ಸಿಕ್ಕಿದ್ದೂ ಒದ್ದೆ, ಬೂದುಬಣ್ಣ, ನಾಲಿಗೆಗೆ ಸ್ವಲ್ಪ ಕಹಿ. ಅದನ್ನೇ ಕಾಗದದಲ್ಲಿ ಕಟ್ಟಿ ಕಮಲಾದೇವಿ ಬೀದಿಯಲ್ಲಿ ಮಾರಿದರು. ದುಡ್ಡಿನವರ ಗುಂಪು ಸೇರುವ ಶೇರುಪೇಟೆಯೊಳಗೇ ಪೊಟ್ಟಣ ಹಿಡಿದು ನುಗ್ಗಿದರು. ನ್ಯಾಯಾಲಯಕ್ಕೆ ಹೋಗಿ, ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಮ್ಯಾಜಿಸ್ಟ್ರೇಟರನ್ನೇ ಕೇಳಿದರು. ಪೊಲೀಸರ ನೂಕುನುಗ್ಗಲಿನಲ್ಲಿ ತ್ರಿವರ್ಣ ಧ್ವಜವನ್ನು ಎದೆಗೆ ಅವಚಿ ಹಿಡಿದುಕೊಂಡ ಅವರ ಸುದ್ದಿ ದೇಶಕ್ಕೆಲ್ಲ ಹರಡಿತು. ಬಂಧನವಾಯಿತು, ಯೆರವಡಾ ಜೈಲು ಸೇರಿದರು. ಅದೇ ವರ್ಷದ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಜನ ಉಪ್ಪು ಮಾಡಿದರು. ಮುಂದಿನ ವಾರಗಳಲ್ಲಿ ವಡಾಲಾದ ಉಪ್ಪಿನ ಆಗರಗಳ ಮೇಲೆ ಮುಂಬಯಿಯ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ನುಗ್ಗಿದರು.

ಮರುವರ್ಷ, 1931ರಲ್ಲಿ, ಅದೇ ಕಮಲಾದೇವಿ ಮೋಹನ್ ಭವನಾನಿಯವರ ‘ಮೃಚ್ಛಕಟಿಕ’ ಮೂಕಿ ಚಿತ್ರದಲ್ಲಿ ಟಿ.ಪಿ. ಕೈಲಾಸಂ ಅವರೊಂದಿಗೆ ಅಭಿನಯಿಸಿದರು. ಮರ್ಯಾದಸ್ಥ ಮನೆಯ ಹೆಣ್ಣು ಬಣ್ಣ ಹಚ್ಚಬಾರದು ಎಂಬ ಕಾಲ ಅದು. ಅವರ ಮಟ್ಟಿಗೆ ಚುನಾವಣೆಯ ವೇದಿಕೆ, ನಾಟಕದ ವೇದಿಕೆ, ಜೈಲಿನ ಅಂಗಳ ಮೂರೂ ಹೆಣ್ಣು ಮುಖ ಎತ್ತಿ ನಿಲ್ಲಬೇಕಾದ ಸಾರ್ವಜನಿಕ ಜಾಗಗಳೇ.

ರೈಲಿನ ಸೀಟು

1934ರಲ್ಲಿ ಕಾಂಗ್ರೆಸ್ಸಿನೊಳಗೆ ಸಮಾಜವಾದಿ ಪಕ್ಷ ಹುಟ್ಟಿತು. 1936ರ ಮೀರತ್ ಸಮ್ಮೇಳನಕ್ಕೆ ಕಮಲಾದೇವಿ ಅಧ್ಯಕ್ಷರು. ಜಯಪ್ರಕಾಶ ನಾರಾಯಣ, ನರೇಂದ್ರ ದೇವ, ಲೋಹಿಯಾ ಅಂಥವರಿದ್ದ ಪಕ್ಷ ಅದು. ಹೆಂಗಸರ ಘಟಕದ ಅಧ್ಯಕ್ಷತೆ ಕೊಟ್ಟು ಕೂರಿಸುವ ರೂಢಿ ಇಂದಿಗೂ ಇದೆ. ಇವರು ಮುನ್ನಡೆಸಿದ್ದು ಇಡೀ ಪಕ್ಷವನ್ನು.

ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಅಮೆರಿಕದಲ್ಲಿದ್ದರು. 1941ರಲ್ಲಿ ದಕ್ಷಿಣದ ಲೂಯಿಸಿಯಾನಾದಲ್ಲಿ ರೈಲು ಹತ್ತಿ ಕೂತಾಗ ಟಿಕೆಟ್ ನೋಡುವವನು ಬಂದು, ಇದು ಬಿಳಿಯರ ಜಾಗ, ಏಳು ಎಂದ. ಇವರು ಏಳಲಿಲ್ಲ. ನೀವು ಎಲ್ಲಿಯವರು ಎಂದು ಅವನು ವಿಚಾರಿಸತೊಡಗಿದ. ಭಾರತದವಳು ಎಂದು ಹೇಳಿ ಬಚಾವಾಗುವ ದಾರಿ ಅವರಿಗಿತ್ತು, ಆ ದಾರಿ ಹಿಡಿಯಲಿಲ್ಲ. ನಾನೂ ಬಣ್ಣದವಳೇ, ಏಳುವುದಿಲ್ಲ ಎಂದು ಹೇಳಿ ಕೂತೇ ಇದ್ದರು. ಅವನು ಹೊರಟುಹೋದ. ಮಾಂಟ್‌ಗಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡದೆ ಕೂತದ್ದು ಅದಾಗಿ ಹದಿನಾಲ್ಕು ವರ್ಷಗಳ ಮೇಲೆ. ಸೀಟಿನ ಬೆಲೆ ಡೊಂಬಿವಲಿಯ ಹೆಂಗಸರಿಗೆ ಗೊತ್ತು. ಎದ್ದರೆ ಸುಖ ಎನ್ನುವ ಕಡೆ ಕೂತೇ ಇರುವುದಕ್ಕೆ ಎಷ್ಟು ಎದೆ ಬೇಕು ಎಂಬುದೂ ಗೊತ್ತು.

ಅಬೆಒಕುಟಾದ ಅಕ್ಕ

ಕಮಲಾದೇವಿಯವರನ್ನು ಓದುವಾಗಲೆಲ್ಲ ಪಶ್ಚಿಮ ಆಫ್ರಿಕದ ಒಬ್ಬ ಹೆಣ್ಣು ನನ್ನ ಕಣ್ಣಮುಂದೆ ಬರುತ್ತಾರೆ. ನೈಜೀರಿಯದ ಅಬೆಒಕುಟಾ ಪಟ್ಟಣದ ಫುನ್ಮಿಲಾಯೊ ರಾನ್ಸಮ್ ಕುಟಿ. ಹುಟ್ಟಿದ್ದು 1900ರಲ್ಲಿ, ಅಂದರೆ ನಮ್ಮವರಿಗಿಂತ ಮೂರು ವರ್ಷ ದೊಡ್ಡವರು. ಇವರೂ ಇಂಗ್ಲೆಂಡಿನಲ್ಲಿ ಓದಿ ಬಂದವರು, ಶಿಕ್ಷಕಿ. ಮೊದಲು ಓದಿದ ಮನೆಯ ಹೆಂಗಸರ ಕ್ಲಬ್ ನಡೆಸುತ್ತಿದ್ದರು. ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರು ಅಕ್ಷರ ಕಲಿಯಲು ಬಂದಾಗ ಅವರ ಕಷ್ಟ ತಿಳಿಯಿತು. ಆ ಊರಿನಲ್ಲಿ ಹುಡುಗಿಗೆ ಗಂಡಿಗಿಂತ ಮೊದಲೇ, ಹದಿನೈದಕ್ಕೇ ತೆರಿಗೆ. ವಯಸ್ಸು ತಿಳಿಯಲು ತೆರಿಗೆಯ ಆಳುಗಳು ಹುಡುಗಿಯರ ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು.

ಫುನ್ಮಿಲಾಯೊ ಕ್ಲಬ್ಬಿನ ಬಾಗಿಲು ತೆರೆದು ಅದನ್ನು ಸಂತೆಯ ಹೆಂಗಸರ ಒಕ್ಕೂಟವಾಗಿಸಿದರು. 1947ರಿಂದ ಸಾವಿರಾರು ಹೆಂಗಸರು ಬ್ರಿಟಿಷರ ಬೆಂಬಲವಿದ್ದ ಸ್ಥಳೀಯ ದೊರೆ ಅಲಾಕೆಯ ಅರಮನೆಯ ಮುಂದೆ ಕೂತರು. ಮೆರವಣಿಗೆಗೆ ಪರವಾನಗಿ ಸಿಗದಿದ್ದಾಗ, ಮೆರವಣಿಗೆಯಲ್ಲ, ವನಭೋಜನಕ್ಕೆ, ಹಬ್ಬಕ್ಕೆ ಹೊರಟಿದ್ದೇವೆ ಎಂದು ಹೇಳಿ ನಡೆದರು. ತೆರಿಗೆ ನಿಂತಿತು, 1949ರಲ್ಲಿ ದೊರೆ ಗದ್ದುಗೆ ಬಿಟ್ಟು ಹೋಗಬೇಕಾಯಿತು. ಇಷ್ಟು ಮಾಡಿದ ಫುನ್ಮಿಲಾಯೊ ಚುನಾವಣೆಗೆ ನಿಂತಾಗ ಸೋತರು. 1959ರಲ್ಲಿ ಅವರದೇ ಪಕ್ಷ ಟಿಕೆಟ್ ಕೊಡಲಿಲ್ಲ. 1977ರಲ್ಲಿ, ಮಗ ಸಂಗೀತಗಾರ ಫೆಲಾ ಅವರ ಮನೆಗೆ ನುಗ್ಗಿದ ಸೈನಿಕರು ಆ ಮುದುಕಿಯನ್ನು ಕಿಟಕಿಯಿಂದ ಹೊರಗೆಸೆದರು. ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ 1978ರಲ್ಲಿ ತೀರಿಕೊಂಡರು. ಅದೇ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ 2006ರಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ರಾಷ್ಟ್ರಾಧ್ಯಕ್ಷರಾದರು. ಆಫ್ರಿಕ ಖಂಡದಲ್ಲೇ ಮತದಿಂದ ಆರಿಸಿಬಂದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷರು ಅವರು.

ಒಂದು ಕಡೆ ಉಪ್ಪಿನ ಕರ, ಇನ್ನೊಂದು ಕಡೆ ಸಂತೆಯ ಹೆಂಗಸಿನ ಮೇಲಿನ ಕರ. ಇಬ್ಬರೂ ಸರಕಾರಕ್ಕೆ ಎದುರು ನಿಂತದ್ದು ಹೆಂಗಸಿನ ಗಂಟಿಗೆ ಕೈಹಾಕಿದ ಕಡೆ. ಇಬ್ಬರೂ ಕುರ್ಚಿ ಗೆಲ್ಲಲಿಲ್ಲ. ಇಬ್ಬರ ಬೆನ್ನ ಹಿಂದೆ ಬಂದ ಹೆಂಗಸರು ಗೆದ್ದರು.

ಪಕ್ಷ ಬಿಟ್ಟು ಜನರ ನಡುವೆ

ಸ್ವಾತಂತ್ರ್ಯ ಬಂದಾಗ ಕಮಲಾದೇವಿಗೆ ನಲವತ್ತನಾಲ್ಕು. ಅವರ ಜೊತೆ ಜೈಲಿನಲ್ಲಿದ್ದವರು ಮಂತ್ರಿಗಳಾದರು, ರಾಜ್ಯಪಾಲರಾದರು. ಇವರು ನಿರಾಶ್ರಿತರ ಶಿಬಿರಕ್ಕೆ ಹೋದರು.

ನಿರಾಶ್ರಿತರೆಂದರೆ ಏನೆಂದು ಕಲ್ಯಾಣದವರಿಗೆ ಗೊತ್ತು. ಸಿಂಧ್ ಪ್ರಾಂತದಿಂದ ಬಂದವರನ್ನು ಇಲ್ಲೇ ಪಕ್ಕದ ಸೇನಾ ಶಿಬಿರದ ಬ್ಯಾರಕ್ಕುಗಳಲ್ಲಿ ಇಳಿಸಿದರು. ಆ ಕಲ್ಯಾಣ್ ಕ್ಯಾಂಪ್ 1949ರಲ್ಲಿ ಉಲ್ಲಾಸನಗರವಾಯಿತು. ಹಪ್ಪಳ ಲಟ್ಟಿಸಿ, ಬಟ್ಟೆ ಹೊಲಿದು ಆ ಜನ ತಮ್ಮ ಕಾಲ ಮೇಲೆ ನಿಂತದ್ದನ್ನು ನಮ್ಮ ಹಿಂದಿನ ತಲೆಮಾರು ಕಣ್ಣಾರೆ ಕಂಡಿದೆ. ಉತ್ತರದಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಐವತ್ತು ಸಾವಿರ ಜನರಿಗಾಗಿ ಫರೀದಾಬಾದ್ ಪಟ್ಟಣ ಎದ್ದಾಗ ಅದರ ಹಿಂದೆ ಕಮಲಾದೇವಿಯವರ ದುಡಿಮೆ ಇತ್ತು. 1948ರಲ್ಲಿ ಅವರು ಕಟ್ಟಿದ ಭಾರತೀಯ ಸಹಕಾರ ಒಕ್ಕೂಟದ ನಂಬಿಕೆ ಸರಳವಾಗಿತ್ತು. ದಾನದ ಅನ್ನ ಮನುಷ್ಯನನ್ನು ಕುಗ್ಗಿಸುತ್ತದೆ. ತನ್ನ ಮನೆಯನ್ನು ತಾನೇ ಕಟ್ಟಿದವನು, ತನ್ನ ಸಹಕಾರಿ ಸಂಘದಲ್ಲಿ ತಾನೇ ಕೈಯೆತ್ತಿ ಮತ ಹಾಕಿದವನು ತಲೆಯೆತ್ತಿ ಬದುಕುತ್ತಾನೆ.

ಕರಕುಶಲದ ಕೆಲಸ ಬೆಳೆದದ್ದು ಇದೇ ಬೇರಿನಿಂದ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆರಂಭವಾಯಿತು. ಸುಮಾರು ಇಪ್ಪತ್ತು ವರ್ಷ ಅವರು ಅದನ್ನು ನಡೆಸಿದರು. ಹಳ್ಳಿಹಳ್ಳಿ ಅಲೆದು, ಕಸುಬುದಾರ ಇನ್ನೂ ಬದುಕಿದ್ದಾನೆಯೇ, ಮಗನಿಗೆ ಕಲಿಸಿದ್ದಾನೆಯೇ ಎಂದು ಹುಡುಕಿದರು. ಶ್ರೀಕಾಳಹಸ್ತಿಯ ಕಲಂಕಾರಿ ಉಳಿದದ್ದು ಅವರ ಹುಡುಕಾಟದಿಂದ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. ಇದನ್ನೆಲ್ಲ ರಾಜಕಾರಣ ಬಿಟ್ಟ ಮೇಲಿನ ಕೆಲಸ ಎಂದು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ನೇಕಾರನ ಕೂಲಿ, ನಿರಾಶ್ರಿತಳ ಹೊಲಿಗೆ ಯಂತ್ರ, ಸಹಕಾರಿ ಸಂಘದ ಲೆಕ್ಕಪುಸ್ತಕ ಇವು ರಾಜಕಾರಣವಲ್ಲದಿದ್ದರೆ ಯಾವುದು ರಾಜಕಾರಣ? ಅವರು ಬಿಟ್ಟದ್ದು ಪಕ್ಷವನ್ನು.

ಅವರೊಡನೆ ನನ್ನ ಒಂದು ಭಿನ್ನಾಭಿಪ್ರಾಯ

ಹಿರಿಯರನ್ನು ಹೊಗಳಿ ಮುಗಿಸುವುದು ಅವರಿಗೆ ಮಾಡುವ ಗೌರವವಲ್ಲ. ಒಂದು ವಿಷಯದಲ್ಲಿ ಅವರ ತಲೆಮಾರು ತಪ್ಪು ಲೆಕ್ಕ ಹಾಕಿತು ಎಂದು ನನ್ನ ನಂಬಿಕೆ. 1931ರಲ್ಲಿ, ಮುಂದಿನ ಸಂವಿಧಾನದ ಚರ್ಚೆ ನಡೆಯುತ್ತಿದ್ದಾಗ, ಕಮಲಾದೇವಿಯವರೂ ಸೇರಿ ಕಟ್ಟಿದ ಮಹಿಳಾ ಪರಿಷತ್ತು ಮತ್ತು ಉಳಿದ ಪ್ರಮುಖ ಮಹಿಳಾ ಸಂಸ್ಥೆಗಳು ನಮಗೆ ಮೀಸಲು ಸ್ಥಾನ ಬೇಡ, ನಾಮಕರಣ ಬೇಡ, ವಯಸ್ಕರೆಲ್ಲರಿಗೂ ಮತ ಕೊಡಿ, ಅಷ್ಟೇ ಸಾಕು ಎಂದು ಕೇಳಿದವು. ಆ ಮಾತಿನಲ್ಲಿದ್ದ ಸ್ವಾಭಿಮಾನ ದೊಡ್ಡದು. ಬಾಗಿಲು ತೆರೆದರೆ ಹೆಂಗಸರು ತಾವಾಗಿ ನಡೆದು ಒಳಗೆ ಬರುತ್ತಾರೆ ಎಂದು ಅವರು ನಂಬಿದ್ದರು.

ಸ್ವತಂತ್ರ ಭಾರತ ಎಲ್ಲರಿಗೂ ಮತ ಕೊಟ್ಟಿತು. ಆದರೆ ಮೊದಲ ಲೋಕಸಭೆಯಲ್ಲಿ ಹೆಂಗಸರ ಸಂಖ್ಯೆ ಶೇಕಡ ಐದರ ಆಸುಪಾಸಿನಲ್ಲೇ ನಿಂತಿತು. 2024ರಲ್ಲೂ 543ರಲ್ಲಿ ಗೆದ್ದ ಹೆಂಗಸರು 74. ಬಾಗಿಲು ತೆರೆದಿತ್ತು, ಹೊಸ್ತಿಲಲ್ಲಿ ಟಿಕೆಟ್ ಹಂಚುವವರು ನಿಂತಿದ್ದರು. ಮೀಸಲಾತಿ ಎಲ್ಲಿ ಬಂತೋ ಅಲ್ಲಿ ಮಾತ್ರ ಲೆಕ್ಕ ಬದಲಾಯಿತು. ಕರ್ನಾಟಕ 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲೇ ಹೆಂಗಸರಿಗೆ ಕಾಲುಭಾಗ ಮೀಸಲಿಟ್ಟಿತು. 1993ರಲ್ಲಿ ಸಂವಿಧಾನದ 73, 74ನೇ ತಿದ್ದುಪಡಿಗಳು ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟವು. ಮಹಾರಾಷ್ಟ್ರ 2011ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. 2023ರಲ್ಲಿ ಲೋಕಸಭೆ, ವಿಧಾನಸಭೆಗಳಿಗೂ ಮೂರನೇ ಒಂದು ಭಾಗದ ತಿದ್ದುಪಡಿ ಬಂತು. ಜನಗಣತಿ, ಕ್ಷೇತ್ರವಿಂಗಡಣೆ ಮುಗಿಯದೆ ಅದು ಜಾರಿಯಾಗದು ಎಂಬ ಷರತ್ತೂ ಜೊತೆಗೇ ಬಂತು.

ಹೀಗಾಗಿ ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಮಹಾನಗರಪಾಲಿಕೆಗಳಲ್ಲಿ ಅರ್ಧ ಸ್ಥಾನ ಹೆಂಗಸರದು. 1926ರಲ್ಲಿ ಒಂದು ಸ್ಥಾನಕ್ಕಾಗಿ ಒಬ್ಬರೇ ಬೀದಿಗಿಳಿದ ಕಮಲಾದೇವಿಯವರಿಗೆ ಇದು ನಂಬಲಾಗದ ಸಂಗತಿಯಾಗುತ್ತಿತ್ತು. ಆದರೆ ಆ ಸ್ಥಾನದಲ್ಲಿ ಕೂತವರ ಹೆಸರಿನಲ್ಲಿ ಫೋನು ಎತ್ತುವವರು ಯಾರು? ವಾರ್ಡಿನ ಸಭೆಯಲ್ಲಿ ಮಾತಾಡುವವರು ಯಾರು? ಹುಟ್ಟುಹಬ್ಬದ ಬ್ಯಾನರಿನಲ್ಲಿ ದೊಡ್ಡ ಮುಖ ಯಾರದು? ನೀವೆಲ್ಲ ನೋಡಿದ್ದೀರಿ. ಎಲ್ಲ ಕಡೆ ಹಾಗಿಲ್ಲ. ಸ್ವಂತ ಬಲದಿಂದ ಕೆಲಸ ಮಾಡಿದ ಹೆಂಗಸರನ್ನು ಈ ಊರುಗಳೇ ಕಂಡಿವೆ. ಆದರೆ ಹೆಸರು ಹೆಂಡತಿಯದು, ಅಧಿಕಾರ ಗಂಡನದು ಎಂಬ ಕಡೆ ಮೀಸಲಾತಿ ಪೊಳ್ಳಾಗುತ್ತದೆ.

ಕಾನೂನು ಕುರ್ಚಿ ಕೊಡಬಲ್ಲದು. ಕೂತು ಕೆಲಸ ಮಾಡುವುದನ್ನು ನಾವೇ ಕಲಿಯಬೇಕು. ಕಮಲಾದೇವಿಯವರಿಗೆ ಕುರ್ಚಿ ಸಿಗಲಿಲ್ಲ. ಆದರೂ ಅರವತ್ತು ವರ್ಷ ಅವರು ಮಾಡಿದ ಕೆಲಸ ನಮ್ಮ ಮುಂದಿದೆ.

ಒಂದು ಬೇಡಿಕೆ

ಇಷ್ಟು ಕೇಳಿದ ಮೇಲೆ ನೀವು ನಾಳೆಯೇ ಚುನಾವಣೆಗೆ ನಿಲ್ಲಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಮೆಟ್ಟಿಲ ಕೆಳಗಿನ ಒಂದು ಸಭೆಯ ಬಗ್ಗೆ ಹೇಳುತ್ತೇನೆ.

ನಾವು ಬಹುತೇಕರು ವಾಸಿಸುವುದು ಸಹಕಾರಿ ಹೌಸಿಂಗ್ ಸೊಸೈಟಿಗಳಲ್ಲಿ. ಕಮಲಾದೇವಿ ನಂಬಿದ ಸಹಕಾರದ ತತ್ವವೇ ನಮ್ಮ ಕಟ್ಟಡದ ಬುನಾದಿ. ನಮ್ಮ ಸೊಸೈಟಿಯ ಹಳೆಯ ವಾರ್ಷಿಕ ಸಭೆಗಳು ನನಗೆ ನೆನಪಿವೆ. ಗಚ್ಚಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಮುಂದಿನ ಸಾಲು ಗಂಡಸರದು, ಹೆಂಗಸರು ಹಿಂದೆ, ಮೆಟ್ಟಿಲ ಬಾಗಿಲ ಹತ್ತಿರ. ಚರ್ಚೆ ನೀರಿನದು. ನಳ್ಳಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ನಿಮಿಷ ಬರುತ್ತದೆ, ಟ್ಯಾಂಕರ್ ಬಂದ ದಿನ ಯಾವ ಮಜಲಿಗೆ ಸಿಗುವುದಿಲ್ಲ, ಇದೆಲ್ಲ ಗೊತ್ತಿದ್ದವರು ಹಿಂದಿನ ಸಾಲಿನಲ್ಲಿದ್ದರು. ಮಾತಾಡಿದವರು ಮುಂದಿನ ಸಾಲಿನವರು. ಒಂದು ವರ್ಷ ಮೂರನೇ ಮಜಲಿನ ಒಬ್ಬ ಅಜ್ಜಿ ಎದ್ದು ನಿಂತರು. ಕೈಯಲ್ಲಿ ಕ್ಯಾಲೆಂಡರಿತ್ತು. ಹಾಲಿನ ಲೆಕ್ಕದ ಪಕ್ಕದಲ್ಲೇ ನೀರು ಬಂದ ಹೊತ್ತನ್ನು ದಿನದಿನವೂ ಬರೆದಿಟ್ಟಿದ್ದರು. ಆರು ತಿಂಗಳ ಲೆಕ್ಕ ಓದಿದರು. ಯಾರೂ ಎದುರು ಮಾತಾಡಲಿಲ್ಲ. ಆ ವರ್ಷವೇ ಪಂಪಿನ ವೇಳೆ ಬದಲಾಯಿತು. ಉಪ್ಪಿನ ಪೊಟ್ಟಣ ಹಿಡಿದು ಶೇರುಪೇಟೆಗೆ ನುಗ್ಗಿದ ಹೆಣ್ಣಿನ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕ್ಯಾಲೆಂಡರು.

ಮಹಾರಾಷ್ಟ್ರದ ಸಹಕಾರಿ ಕಾನೂನಿನಲ್ಲಿ ಸೊಸೈಟಿಯ ಕಮಿಟಿಗೆ ಎರಡು ಸ್ಥಾನ ಹೆಂಗಸರಿಗೆ ಮೀಸಲಿವೆ. ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ನಿಮ್ಮ ಮನೆಯ ಶೇರು ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರಿದೆಯೇ, ಇವತ್ತು ಮನೆಗೆ ಹೋಗಿ ನೋಡಿ. ಇಲ್ಲದಿದ್ದರೆ ಸೇರಿಸಿಕೊಳ್ಳಿ. ಗಿರಿಜಾಬಾಯಿಯವರ ಕಾಲದಲ್ಲಿ ಆ ದಾರಿ ಇರಲಿಲ್ಲ, ನಿಮಗಿದೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ಮದುವೆಯಾಗಿ ಬಂದ ಸೊಸೆಯ ಹೆಸರು ಇದೆಯೇ ನೋಡಿ. ಸಭೆಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಒಂದು ಪ್ರಶ್ನೆಯಾದರೂ ಕೇಳಿ. ಕನ್ನಡದಲ್ಲಿ ಕೇಳಿ, ಮರಾಠಿಯಲ್ಲಿ ಕೇಳಿ, ಕೇಳುವುದು ಮುಖ್ಯ. ಅಣ್ಣಂದಿರಿಗೂ ಒಂದು ಮಾತು. ಆ ಸಂಜೆ ಅಡುಗೆಮನೆ ನೀವು ನೋಡಿಕೊಳ್ಳಿ. ಉಪ್ಪು ಎಲ್ಲಿದೆ ಎಂದು ಆಗ ನಿಮಗೂ ತಿಳಿಯುತ್ತದೆ.

ಕಮಲಾದೇವಿ ತೀರಿಕೊಂಡದ್ದು 1988ರ ಅಕ್ಟೋಬರ್ 29ರಂದು. ಉಪ್ಪು ಮಾರಿದ ಅದೇ ಮುಂಬಯಿಯಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ. ಈ ದತ್ತಿಯ ಹಿಂದಿರುವ ತಾಯಿಗೂ, ಮಂಗಳೂರಿನ ಆ ಮಗಳಿಗೂ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಬರುವಾಗ, ತಮ್ಮ ಸೊಸೈಟಿಯ ಕಮಿಟಿಗೆ ಆರಿಸಿಬಂದ ಹತ್ತು ಹೆಂಗಸರಾದರೂ ಈ ಸಭೆಯಲ್ಲಿ ಕೂತಿರಲಿ.